ಒದ್ದೆ ಚಾದರ

ನಮ್ಮ ಮನೆಯ ನಡುಕೋಣೆಯ ಗೋಡೆಯಲ್ಲಿ, ಕನ್ನಡಿ ತೂಗುಹಾಕಿದ ಮೊಳೆಯಿಂದ ಕಿಟಕಿಯ ಮೂಲೆಯವರೆಗೆ ಒಂದು ಬಿರುಕಿದೆ. ಆ ಬಿರುಕಿಗೆ ಅಡ್ಡಲಾಗಿ ಹನ್ನೊಂದು ಸಿಮೆಂಟಿನ ಬಿಲ್ಲೆಗಳಿವೆ. ಒಂದೊಂದೂ ಬಿಸ್ಕತ್ತಿನಷ್ಟು ಅಗಲ, ಅದಕ್ಕಿಂತ ತೆಳು. ಹಸಿ ಇದ್ದಾಗಲೇ ಮೊಳೆಯ ತುದಿಯಿಂದ ಗೀರಿದ ತಾರೀಖು ಪ್ರತಿಯೊಂದರ ಮೇಲೂ ಇದೆ. ಹತ್ತು ಬಿಲ್ಲೆಗಳು ನಟ್ಟನಡುವೆ ಸೀಳಿವೆ. ಹನ್ನೊಂದನೆಯದು ಸೀಳಿಲ್ಲ. ಮನೆಗೆ ಬಂದವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. "ಇದನ್ನ ಯಾಕೆ ಹೀಗೇ ಬಿಟ್ಟಿದ್ದೀರಿ? ಒಂದು ಕೈ ಬಣ್ಣ ಹೊಡೆಯಬಾರದಾ?" ಅನ್ನುತ್ತಾರೆ.

ಒಮ್ಮೆ ಹೊಡೆದಿದ್ದೆ.

ಬಿಲ್ಲೆಗಳನ್ನು ಇಟ್ಟವರು ನಮ್ಮತ್ತೆ. ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಗಂಡಸರ ನಡುವೆ ಮರಳು ಹೊರುವ ಕೂಲಿಯಾಗಿ ಸೇರಿ, ಮೇಸ್ತ್ರಿಗಳ ಕೈಯನ್ನು ಕದ್ದು ನೋಡುತ್ತಾ, ಒಂದು ದಿನ ಕರಣೆಯನ್ನು ತಾವೇ ಹಿಡಿದು ನಿಂತವರು. ಅವರು ಎಳೆದ ಗೋಡೆಯ ಮೇಲೆ ಕೈ ಸವರಿದರೆ ಎಲ್ಲಿ ನಿಲ್ಲಿಸಿದರು, ಎಲ್ಲಿ ಶುರುಮಾಡಿದರು ಎಂದು ಗೊತ್ತಾಗುತ್ತಿರಲಿಲ್ಲ. ಮಾತು ಮಾತ್ರ ಅಷ್ಟು ನಯವಲ್ಲ. ಬಾಯಿ ತೆಗೆದರೆ ಒಂದೋ ಕೆಲಸದ ಮಾತು, ಇಲ್ಲವೇ ಚುಚ್ಚುಮಾತು.

ನಮ್ಮದು ಹದಿನೆಂಟು ಮನೆಗಳ ಒಂದು ಸಾಲು. ಹಿಂದೆ ಗುಡ್ಡ. ಗುಡ್ಡದ ನಮ್ಮ ಮಗ್ಗುಲಿಗೆ ಮಳೆಕಾಡು, ಆಚೆ ಮಗ್ಗುಲಿಗೆ ಕಲ್ಲು ಕ್ವಾರಿ. ಕ್ವಾರಿಯ ಮೇಲೆ ಅತ್ತೆಗೆ ದ್ವೇಷವೇನಿರಲಿಲ್ಲ. "ಕಲ್ಲಿಲ್ಲದೆ ನನ್ನ ಹೊಟ್ಟೆ ತುಂಬಿದ್ದುಂಟಾ? ಈ ಮನೆಯ ತಳಪಾಯದ ಕಲ್ಲು ಆ ಕ್ವಾರಿಯದೇ. ನಿಮ್ಮ ಮಾವ ಹೊತ್ತರು, ನಾನು ಕಟ್ಟಿದೆ," ಅನ್ನುತ್ತಿದ್ದರು. ನನ್ನ ಗಂಡನೂ ಅಲ್ಲೇ ಟಿಪ್ಪರ್ ಓಡಿಸುತ್ತಿದ್ದರು. ಆಚೆ ಮಗ್ಗುಲಿನ ಬೋಳು ಬಂಡೆಯನ್ನು ಒಡೆಯುತ್ತಿದ್ದಷ್ಟು ಕಾಲ ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು. ಆ ಬಂಡೆ ಮುಗಿಯುತ್ತಾ ಬಂದಾಗ ಯಂತ್ರಗಳು ಗುಡ್ಡದ ನೆತ್ತಿಯನ್ನು ದಾಟಿ ಕಾಡಿನ ಕಡೆಗೆ ತಿರುಗಿದವು. ಆಮೇಲೆ ನಮ್ಮ ಗೋಡೆ ಬಾಯಿಬಿಟ್ಟಿತು.

ಬಿರುಕು ಕಂಡ ದಿನ ನಾನು ಅಳುವುದೊಂದು ಬಾಕಿ. ಅತ್ತೆ ಬೆರಳ ತುದಿಯಿಂದ ಅದನ್ನು ಮೇಲಿನಿಂದ ಕೆಳಗೆ ತಡವಿ ನೋಡಿದರು.

"ಬೇಗ ಮುಚ್ಚಿಬಿಡಿ ಅತ್ತೆ. ನಿಮಗೆ ಅರ್ಧ ಗಂಟೆ ಕೆಲಸ ಅಲ್ವಾ?"

"ಮೊದಲು ಇದು ಬದುಕಿದೆಯೋ ಸತ್ತಿದೆಯೋ ನೋಡಬೇಕು."

"ಬಿರುಕೂ ಬದುಕಿರುತ್ತಾ?"

"ಇರುತ್ತೆ. ಸತ್ತಿದ್ದಾದ್ರೆ ಮುಚ್ಚಬಹುದು. ಬದುಕಿರೋದನ್ನ ಮುಚ್ಚಿದ್ರೆ ಇನ್ನೊಂದು ಕಡೆ ಬಾಯಿ ಬಿಡುತ್ತೆ." ಎಂದವರೇ ಒಂದು ಮುಷ್ಟಿ ಸಿಮೆಂಟು ಕಲಸಿ, ಬಿರುಕಿಗೆ ಅಡ್ಡಲಾಗಿ ಮೊದಲ ಬಿಲ್ಲೆಯನ್ನು ಇಟ್ಟು ತಾರೀಖು ಗೀರಿದರು. ಗೋಡೆ ಕದಲಿದರೆ ಬಿಲ್ಲೆ ಸೀಳುತ್ತದೆ. ಸೀಳಿದ ದಿನ ಅದರ ಪಕ್ಕದ ಗಾರೆಯಲ್ಲೇ ಎರಡನೆಯ ತಾರೀಖು ಕೊರೆದು, ಅದರ ಕೆಳಗೆ ಹೊಸ ಬಿಲ್ಲೆ. ಮೊದಲನೆಯದು ಏಳು ತಿಂಗಳು ತಡೆಯಿತು. ಎರಡನೆಯದು ಐದು. ಹತ್ತನೆಯದು ಒಂಬತ್ತೇ ದಿನ.

ಸಾಲಿನವರು ನಗುತ್ತಿದ್ದರು. ಗೋಡೆಗೆ ಔಷಧಿ ಹಚ್ಚುವವರು ಎಂದು ಅತ್ತೆಗೆ 'ಮುಲಾಮಜ್ಜಿ' ಎಂಬ ಹೆಸರು ಬಿತ್ತು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಟೈಲರಕ್ಕ ಇಟ್ಟ ಹೆಸರು ಅದು. "ಮುಲಾಮಜ್ಜೀ, ನನ್ನ ಮೊಣಕಾಲಿಗೂ ಒಂದು ಬಿಲ್ಲೆ ಹಾಕಿ, ಬದುಕಿದೆಯೋ ಸತ್ತಿದೆಯೋ ನೋಡೋಣ," ಎಂದು ಅವಳು ಕೂಗಿದರೆ, ಅತ್ತೆ, "ನಿನ್ನ ಬಾಯಿಗೆ ಹಾಕ್ತೀನಿ ಬಾ, ಎಷ್ಟು ದಿನ ತಡೆಯುತ್ತೆ ನೋಡೋಣ," ಅನ್ನುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ನಾನು ಬಾಡಿಗೆ ಮನೆಗಳಲ್ಲಿ ಬೆಳೆದವಳು. ಮದುವೆಯ ಹೊತ್ತಿಗೆ ಒಂಬತ್ತು ಮನೆ ಬದಲಿಸಿದ್ದೆವು. ಯಾವ ಮನೆಯ ಗೋಡೆಗೂ ನಾವು ಒಂದು ಮೊಳೆ ಹೊಡೆಯುವಂತಿರಲಿಲ್ಲ. ನನ್ನಮ್ಮ ಕ್ಯಾಲೆಂಡರನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸುತ್ತಿದ್ದಳು. ಈ ಮನೆಗೆ ಬಂದ ವಾರವೇ ನಾನೊಂದು ಕನ್ನಡಿ ಕೊಂಡು, ಮೊಳೆ ಸುತ್ತಿಗೆ ಹಿಡಿದು, ಅತ್ತೆಯ ಮುಖ ನೋಡುತ್ತಾ ನಿಂತಿದ್ದೆ. "ಹೊಡಿ, ನನ್ನ ಮುಖ ಏನು ನೋಡ್ತೀಯ," ಎಂದಿದ್ದರು. ಗೋಡೆಗೆ ನಾನು ಹೊಡೆದ ಮೊದಲ ಮೊಳೆ ಅದು. ಬಿರುಕು ಹುಟ್ಟಿದ್ದು ಆ ಮೊಳೆಯ ಬುಡದಿಂದಲೇ. ನಾನು ಹೊಡೆದದ್ದರಿಂದಲೇ ಒಡೆಯಿತೇನೋ ಎಂಬ ಅನುಮಾನ ಬಹಳ ದಿನ ಒಳಗೊಳಗೇ ಕೊರೆಯುತ್ತಿತ್ತು. ಅತ್ತೆ ಒಮ್ಮೆಯೂ ಹಾಗೆ ಅನ್ನಲಿಲ್ಲ.

ಕ್ವಾರಿಯಲ್ಲಿ ಮಧ್ಯಾಹ್ನ ಒಂದಕ್ಕೆ ಸೈರನ್. ಸೈರನ್ ಕೂಗಿ ಐದು ನಿಮಿಷಕ್ಕೆ ಸ್ಫೋಟ. ಆ ಐದು ನಿಮಿಷದಲ್ಲಿ ಹದಿನೆಂಟು ಮನೆಯ ಹೆಂಗಸರೂ ಒಂದೇ ಕೆಲಸ ಮಾಡುತ್ತಿದ್ದೆವು. ಒಲೆ ಆರಿಸುವುದು, ಮೇಲಿನ ಹಲಗೆಯ ಪಾತ್ರೆಗಳನ್ನು ನೆಲಕ್ಕಿಳಿಸುವುದು, ಕುಡಿಯುವ ನೀರಿಗೆ ತಟ್ಟೆ ಮುಚ್ಚುವುದು. ನನ್ನ ಪಾಲಿಗೆ ಕನ್ನಡಿ. ಅಂಗೈ ಅಗಲಿಸಿ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತಿದ್ದೆ. ಮೊದಲು ಪಾದಕ್ಕೆ ಗೊತ್ತಾಗುತ್ತಿತ್ತು, ಆಮೇಲೆ ಅಂಗೈಗೆ, ಕೊನೆಗೆ ಕಿವಿಗೆ. ಅದು ಮುಗಿದ ಮೇಲೆ ಒಂದಷ್ಟು ಹೊತ್ತು ಕಾಡಿನಿಂದ ಸದ್ದೇ ಬರುತ್ತಿರಲಿಲ್ಲ. ಹಗಲಿಡೀ ಚೀರುವ ಜೀರುಂಡೆಗಳು ಕೂಡ ಬಾಯಿ ಕಟ್ಟಿದಂತೆ ಸುಮ್ಮನಿರುತ್ತಿದ್ದವು.

ಕಾಡೂ ಬದಲಾಗುತ್ತಿತ್ತು. ಅಂಚಿನ ಮರಗಳ ಎಲೆಗಳ ಮೇಲೆ ಬೂದಿಬಣ್ಣದ ಧೂಳು ಕೂತು, ನೆತ್ತಿಯಿಂದ ಒಣಗುತ್ತಾ ಬಂದವು. ತೊರೆಯ ಬಂಡೆಗಳ ಮೇಲೆ ಬೆರಳು ಊರಿದರೆ ಮುಳುಗುವಷ್ಟು ದಪ್ಪವಿದ್ದ ಪಾಚಿ ಹಪ್ಪಳೆಯಾಗಿ ಎದ್ದಿತು. ಬೆಳಿಗ್ಗೆ ಹೊತ್ತು ಮಂಗಟ್ಟೆ ಹಕ್ಕಿಗಳು ಹಾರಿದರೆ ಕಮ್ಮಾರನ ತಿದಿ ಒತ್ತಿದ ಹಾಗೆ ರೆಕ್ಕೆಯ ಸದ್ದು ಕೇಳುತ್ತಿತ್ತು. ಅದು ಯಾವ ದಿನ ನಿಂತಿತೆಂದು ನಮಗೆ ಯಾರಿಗೂ ನೆನಪಿಲ್ಲ. ನಮ್ಮ ಸಾಲಿನ ನೀರು ಆ ತೊರೆಯದ್ದು. ನಲ್ಲಿಯ ಬಾಯಿಗೆ ಅತ್ತೆ ಬಿಳಿ ಬಟ್ಟೆ ಕಟ್ಟಿದ್ದರು. ಮೊದಲು ವಾರಕ್ಕೊಮ್ಮೆ ಒಗೆಯುತ್ತಿದ್ದೆ. ಆಮೇಲೆ ದಿನವೂ. ಕೆಂಪು ಮಣ್ಣು ಬಟ್ಟೆಯಲ್ಲಿ ಲೇಹದ ಹಾಗೆ ನಿಂತಿರುತ್ತಿತ್ತು.

ಹೀಗಿರುವಾಗ ಸುದ್ದಿ ಬಂತು. ಕ್ವಾರಿಯವರು ಕಾಡಿನ ಇಳಿಜಾರಿನಲ್ಲಿ, ತೊರೆಯ ಹುಟ್ಟಿನ ಮೇಲ್ಭಾಗದಲ್ಲೇ ಹೊಸ ಹೊಂಡ ತೆಗೆಯಲು ಅನುಮತಿ ಕೇಳಿದ್ದಾರೆ. ಸಿಕ್ಕಿದರೆ ಮರಗಳೂ ಹೋಗುತ್ತವೆ, ನಮ್ಮ ಸಾಲೂ ಖಾಲಿಯಾಗಬೇಕು. ಗುರುವಾರ ಅಧಿಕಾರಿಗಳು ನೋಡಲು ಬರುತ್ತಾರೆ. ಮನೆಗಳ ಬಿರುಕಿಗೂ ನಮ್ಮ ಕೆಲಸಕ್ಕೂ ಸಂಬಂಧವಿಲ್ಲ, ಅವು ಹಳೇ ಮನೆಗಳು, ಕಳಪೆ ಗಾರೆ ಎಂದು ಕ್ವಾರಿಯವರು ಬರೆದುಕೊಟ್ಟಿದ್ದರಂತೆ.

"ಕಳಪೆ ಗಾರೆ!" ಅತ್ತೆಗೆ ತಾಗಿದ್ದು ಅದೊಂದೇ ಮಾತು.

ಟೈಲರಕ್ಕ ಸೂಜಿ ಬಾಯಲ್ಲಿಟ್ಟುಕೊಂಡೇ ಓಡಿಬಂದಳು. "ಮುಲಾಮಜ್ಜೀ, ಇನ್ಮೇಲೆ ನಗಲ್ಲ. ನಮ್ಮ ಮನೆ ಬಿರುಕು ಯಾವತ್ತು ಬಂತು ಅಂತ ಕೇಳಿದ್ರೆ ನಾನು ಏನು ಹೇಳಲಿ? ಹದಿನೆಂಟು ಮನೇಲಿ ತಾರೀಖು ಇರೋದು ನಿಮ್ಮ ಗೋಡೆಗೆ ಮಾತ್ರ. ನಿಮ್ಮ ಗೋಡೆನೇ ನಮ್ಮ ಲಾಯರು."

ಅತ್ತೆಗೆ ಸೋಮವಾರದಿಂದ ಪಕ್ಕದ ಊರಿನ ಶಾಲೆಯಲ್ಲಿ ಕೆಲಸವಿತ್ತು. ಹೊರಡುವ ಹೊತ್ತಿಗೆ ಹತ್ತನೆಯ ಬಿಲ್ಲೆ ಸೀಳಿದ್ದು ಕಂಡು ತಾರೀಖು ಕೊರೆದರು, ಹೊಸದನ್ನು ಬಂದ ಮೇಲೆ ಇಡುತ್ತೇನೆ, ಬುಧವಾರ ಸಂಜೆಗೆ ಬರುತ್ತೇನೆ ಎಂದು ಚೀಲ ಹೆಗಲಿಗೇರಿಸಿ ಹೋದರು. ಮಂಗಳವಾರ ಸಂಜೆ ನನ್ನ ಗಂಡ ಊಟಕ್ಕೆ ಕೂತವರು ತಟ್ಟೆಯಲ್ಲಿ ಕೈಯಾಡಿಸುತ್ತಾ ಉಳಿದರು.

"ಏನಾಯ್ತು?"

"ಮ್ಯಾನೇಜರ್ ಕರೆಸಿದ್ದ."

"ಏನಂತೆ?"

"ನಿನ್ನ ಗೋಡೆ ನಿನಗೆ ಅನ್ನ ಹಾಕುತ್ತಾ, ನಾನು ಹಾಕ್ತೀನಾ ಅಂತ ಕೇಳ್ದ."

ನಾನು ನೀರಿನ ಲೋಟ ಮುಂದೆ ಸರಿಸಿದೆ. "ನೀವೇನಂದ್ರಿ?"

"ಏನನ್ನಲಿ? ಗೋಡೆ ಅಮ್ಮಂದು. ನಾನೇನೂ ಹೇಳಲ್ಲ. ನಿನಗೂ ಹೇಳಲ್ಲ, ಅವಳಿಗೂ ಹೇಳಲ್ಲ." ಎದ್ದು ಕೈ ತೊಳೆದರು.

ನನಗೆ ಯಾರೂ ಏನೂ ಹೇಳಲಿಲ್ಲ. ಅದನ್ನು ಇಷ್ಟು ವರ್ಷವಾದ ಮೇಲೂ ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಜನ ನನ್ನ ಗಂಡನ ಮೇಲೆ ಹೊರಿಸಲು ನೋಡಿದರು. ಬುಧವಾರ ಬೆಳಿಗ್ಗೆ ಅವರು ಕೆಲಸಕ್ಕೆ ಹೋದ ಮೇಲೆ ನಾನು ಗೋಡೆಯ ಮುಂದೆ ನಿಂತೆ. ನಾಳೆ ದೊಡ್ಡವರು ಬರುತ್ತಾರೆ, ಹೀಗೆ ಹುಣ್ಣುಹುಣ್ಣಾದ ಗೋಡೆಯನ್ನು ತೋರಿಸುವುದೇ ಎಂದು ನನಗೆ ನಾನೇ ಹೇಳಿಕೊಂಡೆ. ಮೆಟ್ಟಿಲ ಕೆಳಗೆ ಅತ್ತೆ ಯಾವುದೋ ಕೆಲಸದಿಂದ ಉಳಿಸಿ ತಂದಿದ್ದ ಚಾಕ್ ಪುಡಿಯೂ ಅಂಟೂ ಇದ್ದವು. ಅವರು ಕಲಸುವುದನ್ನು ನೂರು ಸಲ ನೋಡಿದ್ದೆ. ಪುಟ್ಟಿ ಕಲಸಿದೆ. ಅಗಲದ ತಗಡಿನಿಂದ ಮೇಲಿನಿಂದ ಕೆಳಗೆ ಎಳೆದೆ. ಒಂದು ಬಿಲ್ಲೆ ಮುಚ್ಚಿತು, ಎರಡು ಮುಚ್ಚಿದವು. ಮಧ್ಯಾಹ್ನದ ಹೊತ್ತಿಗೆ ಗೋಡೆ ಹಾಲು ಬಳಿದ ಹಾಗೆ ಬೆಳ್ಳಗಾಯಿತು. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಬಾಡಿಗೆ ಮನೆಗಳಲ್ಲಿ ಕೂತು ನಾನು ಕನಸು ಕಂಡಿದ್ದ ಗೋಡೆ ಅದೇ.

ನಾಚಿಕೆಯಿಂದ ಮುಚ್ಚಿದೆ ಎನ್ನುವುದು ಅರ್ಧ ಸತ್ಯ. ಉಳಿದರ್ಧ ಹೆದರಿಕೆ. ಮನೆ ಹೋದರೆ ಇನ್ನೊಂದು ಬಾಡಿಗೆ ಮನೆ. ಅದರ ರುಚಿ ನನಗೆ ಗೊತ್ತಿತ್ತು. ಆದರೆ ಗಂಡನ ಕೆಲಸ ಹೋದರೆ ನಾಳೆಯೇ ಹೋಗುತ್ತದೆ, ಮನೆ ಹೋಗುವುದಾದರೆ ಮುಂದೆ ಯಾವಾಗಲೋ. ಮುಂದಿನದನ್ನು ಮುಂದೆ ನೋಡಿಕೊಂಡರಾಯಿತು ಎಂದು ಮನಸ್ಸು ಹೇಳಿತು. ಹದಿನೇಳು ಮನೆಗಳ ನೆನಪನ್ನು ಮಾತ್ರ ಬಾಗಿಲ ಹೊರಗೇ ನಿಲ್ಲಿಸಿದ್ದೆ.

ಐದು ಗಂಟೆಗೆ ಬಂದ ಗಂಡ ಗೋಡೆ ನೋಡಿ ಚಪ್ಪಲಿ ಬಿಡುವುದನ್ನೂ ಮರೆತರು. "ಯಾರು ಹೇಳಿದ್ರು ನಿನಗೆ?"

"ಯಾರೂ ಇಲ್ಲ."

ಅವರು ಬಾಗಿಲಿಗೆ ವಾಪಸು ಹೋಗಿ ಚಪ್ಪಲಿ ಬಿಟ್ಟರು. ಅವರ ಭುಜ ಸಡಿಲವಾದದ್ದು ನನಗೆ ಕಂಡಿತು. ಅದನ್ನು ನೋಡಿಯೂ ನನಗೆ ಸಮಾಧಾನವಾಗಲಿಲ್ಲ.

ಆರರ ಬಸ್ಸಿಗೆ ಅತ್ತೆ ಬಂದರು. ಚೀಲ ಇಳಿಸಿದರು, ಕಾಲು ತೊಳೆದರು, ಒಳಗೆ ಬಂದು ಗೋಡೆಯ ಮುಂದೆ ನಿಂತರು. ನಾನು ಅಡುಗೆಮನೆಯ ಬಾಗಿಲಲ್ಲಿ ಬೈಗುಳಕ್ಕೆ ತಲೆಯೊಡ್ಡಿ ನಿಂತಿದ್ದೆ. ಅವರು ಅಂಗೈಯಿಂದ ಗೋಡೆಯನ್ನು ಒಮ್ಮೆ ನಿಧಾನವಾಗಿ ಸವರಿದರು.

"ಚೆನ್ನಾಗಿ ಎಳೆದಿದ್ದೀಯ," ಅಂದರು. "ಕೈ ಹದವಾಗಿದೆ. ಎಲ್ಲೂ ಉಬ್ಬಿಲ್ಲ."

ಅವರ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ ಅದು. ಎರಡು ಏಟು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ಅತ್ತೆ..."

"ಹಳೇ ಚಾದರ ಯಾವುದಾದ್ರೂ ಇದೆಯಾ? ದಪ್ಪದ್ದು."

ಕೊಟ್ಟೆ. ಬಕೆಟ್ಟಿನಲ್ಲಿ ಅದ್ದಿ, ನೀರು ತೊಟ್ಟಿಕ್ಕುವಂತೆಯೇ ತಂದು, ಕನ್ನಡಿಯ ಮೊಳೆಗೂ ಕಿಟಕಿಯ ಸರಳಿಗೂ ಕಟ್ಟಿ ಗೋಡೆಗೆ ಹೊದಿಸಿದರು. ಕನ್ನಡಿಯನ್ನು ಚಾದರದ ಮೇಲೆಯೇ ಮತ್ತೆ ತೂಗುಹಾಕಿದರು. "ಸೆಕೆ ಜಾಸ್ತಿ ಇದೆ. ಬೇಗ ಒಣಗಿದ್ರೆ ಪುಟ್ಟಿ ಬಿರಿಯುತ್ತೆ," ಎಂದಷ್ಟೇ ಹೇಳಿ, ಟೀ ಕುಡಿಯುತ್ತಾ ಶಾಲೆಯ ಹೆಡ್‌ಮಾಸ್ತರರ ಸುದ್ದಿ ತೆಗೆದರು. ಗೋಡೆ ನೇರವಿದೆಯೋ ಎಂದು ನೋಡಲು ಆತ ತಲೆಯನ್ನೇ ವಾಲಿಸಿಕೊಂಡು ನಿಲ್ಲುತ್ತಿದ್ದನಂತೆ. "ಸ್ವಾಮಿ, ಗೋಡೆ ನೆಟ್ಟಗೇ ಇದೆ, ನಿಮ್ಮ ಕತ್ತು ಸರಿಮಾಡ್ಕೊಳಿ ಅಂದೆ." ನನ್ನ ಗಂಡ ನಕ್ಕರು. ನಾನು ನಗಲು ನೋಡಿದೆ. ನಾನು ಮಾಡಿದ ಕೆಲಸವನ್ನು ಅವರು ಒಪ್ಪಿಕೊಂಡುಬಿಟ್ಟರು, ಅದು ಕೆಡದಿರಲಿ ಎಂದು ಆರೈಕೆಯನ್ನೂ ಮಾಡುತ್ತಿದ್ದಾರೆ ಎಂದೇ ತಿಳಿದೆ. ಬೆಳಿಗ್ಗೆ ಎದ್ದಾಗ ಅವರು ಚೊಂಬಿನಿಂದ ಚಾದರಕ್ಕೆ ಮತ್ತೆ ನೀರು ಚಿಮುಕಿಸುತ್ತಿದ್ದರು.

ಗುರುವಾರ ಹತ್ತಕ್ಕೆ ಜೀಪು ಬಂತು. ಅಧಿಕಾರಿ ಹೆಂಗಸು. ಮೊಣಕಾಲುದ್ದದ ಬೂಟು, ಕೈಯಲ್ಲಿ ರಟ್ಟಿನ ಹಲಗೆ. ಜೊತೆಗೆ ಅರಣ್ಯ ಇಲಾಖೆಯ ಒಬ್ಬರು, ಕ್ವಾರಿಯ ಮ್ಯಾನೇಜರ್. ಮೊದಲು ತೊರೆಯ ಕಡೆಗೆ ಹತ್ತಿದರು. ಇಳಿದು ಬಂದಾಗ ಅರಣ್ಯದವರ ಕಾಲಲ್ಲಿ ಒಂದೂ ಜಿಗಣೆ ಇರಲಿಲ್ಲ. "ಈ ಕಾಡಲ್ಲಿ ಜಿಗಣೆ ಹತ್ತಿಲ್ಲ ಅಂದ್ರೆ ಅದು ಒಳ್ಳೇ ಸುದ್ದಿ ಅಲ್ಲ ಮೇಡಂ," ಎಂದು ಅವರು ಹೇಳುತ್ತಿದ್ದುದು ಕೇಳಿಸಿತು. ಆಮೇಲೆ ಮನೆಮನೆಗೆ ಬಂದರು. ಎಲ್ಲ ಮನೆಯಲ್ಲೂ ಬಿರುಕು, ಎಲ್ಲ ಮನೆಯಲ್ಲೂ ಒಂದೇ ಪ್ರಶ್ನೆ. ಯಾವಾಗ ಬಂತು? ಯಾರಿಗೆ ಗೊತ್ತು. ಮ್ಯಾನೇಜರ್ ಪ್ರತಿ ಸಲವೂ, "ಹಳೇ ಮನೆ ಮೇಡಂ," ಅನ್ನುತ್ತಿದ್ದ.

"ಇರಿ ಮೇಡಂ, ಮುಲಾಮಜ್ಜಿ ಮನೆ ನೋಡಿ. ಅಲ್ಲಿ ಎಲ್ಲಾ ಬರ್ಕೊಂಡಿದೆ," ಎನ್ನುತ್ತಾ ಟೈಲರಕ್ಕ ಅವರನ್ನು ನಮ್ಮ ಮನೆಗೆ ಎಳೆದುಕೊಂಡೇ ಬಂದಳು. ಬಂದವಳು ಚಾದರದ ಅಂಚಿನಲ್ಲಿ ಕಾಣುತ್ತಿದ್ದ ಬಿಳಿ ಗೋಡೆ ನೋಡಿ ನಿಂತಲ್ಲೇ ನಿಂತಳು. ನನ್ನನ್ನು ನೋಡಿದಳು. ಬಾಯಿ ಮುಚ್ಚದ ಆ ಹೆಂಗಸು ಒಂದು ಮಾತೂ ಆಡಲಿಲ್ಲ.

ಮ್ಯಾನೇಜರ್ ನಕ್ಕ. "ನೋಡಿ ಮೇಡಂ, ಇದು ನಮ್ಮ ಡ್ರೈವರ್ ಮನೆ. ಒಂದೂ ಬಿರುಕಿಲ್ಲ. ಚೆನ್ನಾಗಿ ಇಟ್ಕೊಂಡವರ ಮನೆ ಚೆನ್ನಾಗೇ ಇರುತ್ತೆ."

"ಈ ಬಟ್ಟೆ ಯಾಕೆ?" ಅಧಿಕಾರಿ ಕೇಳಿದರು.

ಬೆಂಚಿನ ಮೇಲೆ ಕೂತು ಕರಣೆ ಒರೆಸುತ್ತಿದ್ದ ಅತ್ತೆ, "ಹೊಸ ಪುಟ್ಟಿ. ಒಣಗಬಾರದು ಅಂತ," ಅಂದರು. ಅಷ್ಟೇ.

ಅಧಿಕಾರಿ ಏನೋ ಬರೆದುಕೊಂಡರು. ಬಾಗಿಲ ಕಡೆ ತಿರುಗಿದರು. ಆಗ ಸೈರನ್ ಕೂಗಿತು.

ಅವತ್ತು ಸ್ಫೋಟ ಇರಲಿಲ್ಲ. ಅಧಿಕಾರಿಗಳು ಬರುತ್ತಾರೆಂದು ನಿಲ್ಲಿಸಿದ್ದರು. ಸೈರನ್ ಬರೀ ಊಟದ ಬಿಡುವಿಗೆ. ಅದು ನಮಗೂ ಗೊತ್ತಿತ್ತು. ಆದರೆ ಕೈಗೆ ಗೊತ್ತಿರಲಿಲ್ಲ. ಟೈಲರಕ್ಕ ನಮ್ಮ ಹಲಗೆಯ ಮೇಲಿನ ಪಾತ್ರೆಗಳನ್ನು ತನ್ನ ಮನೆಯವೇ ಎಂಬಂತೆ ಇಳಿಸತೊಡಗಿದ್ದಳು. ಎದುರು ಮನೆಯಲ್ಲಿ ಯಾರೋ ನೀರಿನ ಬಿಂದಿಗೆಗೆ ತಟ್ಟೆ ಮುಚ್ಚಿದ ಸದ್ದು. ನಾನು ಎರಡೇ ಹೆಜ್ಜೆಗೆ ಕೋಣೆ ದಾಟಿ ಅಂಗೈ ಅಗಲಿಸಿ ಕನ್ನಡಿಯನ್ನು ಒತ್ತಿ ಹಿಡಿದಿದ್ದೆ. ಹಿಡಿದ ಮೇಲೆಯೇ ಹಿಡಿದದ್ದು ಗೊತ್ತಾಯಿತು.

"ಬ್ಲಾಸ್ಟ್ ಇಲ್ಲ, ಊಟದ ಸೈರನ್," ಮ್ಯಾನೇಜರ್ ಅವಸರವಾಗಿ ಹೇಳಿದ.

ಅಧಿಕಾರಿ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು. "ಕನ್ನಡಿ ಯಾಕೆ ಹಿಡ್ಕೊಂಡ್ರಿ ಅಮ್ಮಾ?"

"ಬೀಳುತ್ತೆ ಅಂತ."

"ಯಾಕೆ ಬೀಳುತ್ತೆ? ಗೋಡೆ ಗಟ್ಟಿ ಇದೆಯಲ್ಲ?"

ಕನ್ನಡಿಯಲ್ಲಿ ನನ್ನ ಹಿಂದೆ ಅತ್ತೆ ಕಾಣುತ್ತಿದ್ದರು. ನನ್ನನ್ನು ನೋಡುತ್ತಿರಲಿಲ್ಲ. ಕರಣೆಯ ಹಿಡಿಗೆ ಅಂಟಿದ ಒಣ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತಿದ್ದರು, ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಕೆಲಸವಿಲ್ಲವೆಂಬಂತೆ. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾನು ಹಠಕ್ಕೆ ಬೀಳುತ್ತಿದ್ದೆ. ಗಂಡನ ಅನ್ನ ಎನ್ನುತ್ತಿದ್ದೆ, ನಿಮಗೆ ನಿಮ್ಮ ಬಿಲ್ಲೆ ಹೆಚ್ಚಾಯಿತು ಎನ್ನುತ್ತಿದ್ದೆ. ಅವರು ಹೇಳಲಿಲ್ಲ. ಹಿಂದಿನ ಸಂಜೆಯಿಂದ ಹೇಳಿರಲಿಲ್ಲ. ಅಂಗೈ ಕೆಳಗೆ ಚಾದರ ಇನ್ನೂ ತಣ್ಣಗಿತ್ತು.

"ಗಟ್ಟಿ ಇಲ್ಲ ಮೇಡಂ," ಅಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು. "ನಾನೇ ಮುಚ್ಚಿದ್ದು. ನಿನ್ನೆ. ಇದರ ಹಿಂದೆ ಹತ್ತು ಬಿಲ್ಲೆ ಇದಾವೆ. ಹತ್ತೂ ಸೀಳಿವೆ."

"ಏನಮ್ಮಾ, ಇದನ್ನ ಯಾರು ಹೇಳಿಕೊಟ್ರು ನಿನಗೆ?" ಮ್ಯಾನೇಜರ್ ದನಿಯೇರಿಸಿದ.

ಆಗ ಅತ್ತೆ ತಲೆಯೆತ್ತಿದರು. "ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡೋ ಹಾಗಿದ್ರೆ ನಿನ್ನೆನೇ ಹೇಳಿಕೊಡ್ತಿದ್ದೆ. ಇಷ್ಟು ಹೊತ್ತು ಕಾಯ್ತಿದ್ನಾ?" ಎಂದವರು ಕರಣೆಯನ್ನು ನನ್ನ ಕಡೆ ಚಾಚಿದರು. "ತಗೋ. ತುದಿಯಿಂದ ಬೇಡ, ಬೆನ್ನಿಂದ ಕೆರಿ. ಬಿಲ್ಲೆಗೆ ಏಟಾಗಬಾರದು."

ಕನ್ನಡಿ ಇಳಿಸಿ, ಚಾದರ ಬಿಚ್ಚಿದೆ. ಪುಟ್ಟಿ ಬೆಣ್ಣೆಯ ಹಾಗೆ ಮೆತ್ತಗಿತ್ತು. ಕರಣೆಯ ಬೆನ್ನು ತಾಗಿಸಿದರೆ ಸಾಕು, ಸುರುಳಿಯಾಗಿ ಕಳಚಿ ಬರುತ್ತಿತ್ತು. ಆ ಕ್ಷಣ ನನಗೆ ಒದ್ದೆ ಚಾದರದ ಅರ್ಥವಾಯಿತು. ಬೂದು ಬಿಲ್ಲೆ ಒಂದು ಕಂಡಿತು, ಎರಡು ಕಂಡವು. ಒದ್ದೆ ಬಟ್ಟೆಯಿಂದ ಒರೆಸಿದಾಗ ಗೀರುಗಳ ಒಳಗೆ ಮಾತ್ರ ಪುಟ್ಟಿ ಉಳಿದು, ತಾರೀಖುಗಳು ಸ್ಲೇಟಿನ ಮೇಲೆ ಬಳಪದಲ್ಲಿ ಬರೆದಂತೆ ಬೆಳ್ಳಗೆ ಎದ್ದು ನಿಂತವು. ಹಿಂದೆ ಅಷ್ಟು ಸ್ಪಷ್ಟವಾಗಿ ಯಾವತ್ತೂ ಕಂಡಿರಲಿಲ್ಲ.

"ನೋಡಿದ್ಯಾ," ಅತ್ತೆ ಹಿಂದಿನಿಂದ ಅಂದರು, "ನಿನ್ನ ಪುಟ್ಟಿ ಕೆಲಸಕ್ಕೆ ಬಂತು."

ಬಿಲ್ಲೆ ಇಟ್ಟ ದಿನ, ಸೀಳಿದ ದಿನ ಎಂದು ಅಧಿಕಾರಿ ಒಂದೊಂದನ್ನೂ ಗಟ್ಟಿಯಾಗಿ ಓದಿದರು. ಅರಣ್ಯದವರು ಕ್ವಾರಿಯ ಸ್ಫೋಟದ ರಿಜಿಸ್ಟರು ಕೇಳಿ ತರಿಸಿಕೊಂಡು ಪಕ್ಕದಲ್ಲಿ ಹಿಡಿದು ನೋಡಿದರು. ಯಂತ್ರಗಳು ಕಾಡಿನ ಕಡೆ ಒಂದೊಂದು ಮೆಟ್ಟಿಲು ಇಳಿದಂತೆ ಬಿಲ್ಲೆಗಳ ಆಯುಸ್ಸು ಒಂದೊಂದು ಮೆಟ್ಟಿಲು ಇಳಿದಿತ್ತು. "ಈ ಗಾರೆ ಯಾರದ್ದು?" ಎಂದು ಅಧಿಕಾರಿ ಗೋಡೆ ತಟ್ಟಿ ಕೇಳಿದರು. "ನಂದೇ. ಕಳಪೆ ಗಾರೆ," ಎಂದು ಅತ್ತೆ ಮ್ಯಾನೇಜರನ ಮುಖ ನೋಡಿ ಹೇಳಿದರು. ಟೈಲರಕ್ಕನಿಗೆ ಬಾಯಿ ವಾಪಸು ಬಂದು, ನಕ್ಕಿದ್ದೇ ನಕ್ಕಿದ್ದು.

ಅವತ್ತು ಸಂಜೆಯೇ ನನ್ನ ಗಂಡನಿಗೆ ನಾಳೆಯಿಂದ ಬರಬೇಡ ಎಂದರು. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ನಲ್ಲಿಯ ಬಟ್ಟೆಯನ್ನು ನಾನು ಹಿಂಡುತ್ತಿದ್ದಾಗ ಹತ್ತಿರ ಬಂದು ನಿಂತರು. ಕೆಂಪು ನೀರು ಕಲ್ಲಿನ ಮೇಲೆ ಹರಿಯುವುದನ್ನೇ ನೋಡುತ್ತಿದ್ದರು.

"ಆ ಮಣ್ಣು ನಾನೇ ಸುರಿದಿದ್ದು," ಅಂದರು. "ಗುಡ್ಡದ ಮೇಲಿನ ಮಣ್ಣೆಲ್ಲ ತೊರೆ ಬುಡಕ್ಕೆ ಸುರಿ ಅನ್ನೋರು. ದಿನಕ್ಕೆ ಹತ್ತು ಸಲ. ಅಲ್ಲಿಂದಲೇ ನಮ್ಮ ನಲ್ಲಿಗೆ ನೀರು ಅಂತ ಗೊತ್ತಿತ್ತು ನಂಗೆ. ವಾಪಸ್ ಬರುವಾಗ ಈ ಕಡೆ ತಿರುಗಿ ನೋಡ್ತಿರಲಿಲ್ಲ."

ನಾನು ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದೆ. ಮುಚ್ಚುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಒಬ್ಬರು ಕರಣೆ ಕೊಟ್ಟು ಕಾಯದಿದ್ದರೆ ತೆಗೆಯುವುದು ಎಷ್ಟು ಕಷ್ಟ ಎನ್ನುವುದೂ ಗೊತ್ತಿತ್ತು. ಮಾರನೇ ದಿನ ಅವರೇ ಹೋಗಿ ಅರಣ್ಯದವರಿಗೆ ಆ ಜಾಗ ತೋರಿಸಿ ಬಂದರು. ಆಮೇಲೆ ಊಟಕ್ಕೆ ಕೂತಾಗ, "ಅಮ್ಮಾ, ಸೊಸೆಗೆ ಕರಣೆ ಕೊಟ್ಟೆ. ಮಗನಿಗೆ ಸ್ಟೇರಿಂಗ್ ಕೊಡೋರು ಯಾರು?" ಎಂದು ಕೇಳುವಷ್ಟು ಹಗುರಾಗಿದ್ದರು. "ಟೈಲರನ್ನ ಕೇಳು, ಅವಳ ಬಾಯಿ ಮುಟ್ಟದ ಊರಿಲ್ಲ," ಅಂದರು ಅತ್ತೆ. ತಮಾಷೆಗೆ ಹೇಳಿದ್ದು ನಿಜವೇ ಆಯಿತು. ಟೈಲರಕ್ಕ ಪಕ್ಕದ ಊರಿನ ಶಾಲೆಗೆ ಯೂನಿಫಾರಂ ಹೊಲಿದುಕೊಡುತ್ತಿದ್ದಳು. ಎರಡು ತಿಂಗಳಲ್ಲಿ ಅಲ್ಲಿಯ ಬಸ್ಸಿಗೆ ಡ್ರೈವರ್ ಬೇಕೆಂಬ ಸುದ್ದಿ ತಂದಳು. ಅವಳ ಉಪಕಾರವನ್ನು ನಾವು ಮರೆಯುವುದಿಲ್ಲ, ಮರೆಯಲು ಅವಳೂ ಬಿಡುವುದಿಲ್ಲ.

ಕಾಡಿನ ಹೊಂಡಕ್ಕೆ ಅನುಮತಿ ಸಿಗಲಿಲ್ಲ. ಈ ಮಗ್ಗುಲಲ್ಲಿ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಿದ್ದುದನ್ನೂ ನಿಲ್ಲಿಸಿದರು. ಕ್ವಾರಿ ಈಗ ಆಚೆ ಮಗ್ಗುಲಲ್ಲೇ ಉಳಿದ ಬಂಡೆಯನ್ನು ಸಣ್ಣ ಮದ್ದಿನಿಂದ ಒಡೆಯುತ್ತದೆ. ಎಲ್ಲ ಮೊದಲಿನಂತಾಯಿತು ಎಂದರೆ ಸುಳ್ಳು. ಗುಡ್ಡದ ನೆತ್ತಿ ಕಚ್ಚಿ ಬಿಟ್ಟ ಹಣ್ಣಿನ ಹಾಗೆ ಇದೆ. ಅಂಚಿನ ದೊಡ್ಡ ಮರಗಳು ಒಣಗಿದ್ದು ಒಣಗಿಯೇ ನಿಂತಿವೆ. ಆದರೆ ಅವುಗಳ ಬುಡದಲ್ಲಿ ಸೊಂಟದೆತ್ತರ ಗಿಡಗಳು ಎದ್ದಿವೆ. ತೊರೆಯ ಬಂಡೆಗಳಿಗೆ ಪಾಚಿ ಬಂದಿದೆ. ಅತ್ತೆ ಅದನ್ನು ಬೆರಳಲ್ಲಿ ಒತ್ತಿ ನೋಡಿ, "ಮೊದಲ ಕೋಟು ಆಗಿದೆ, ಇನ್ನೆರಡು ಬೇಕು," ಅನ್ನುತ್ತಾರೆ. ಹೋದ ವರ್ಷ ಒಂದು ಬೆಳಿಗ್ಗೆ ತಲೆಯ ಮೇಲೆ ತಿದಿ ಒತ್ತಿದ ಸದ್ದಾಯಿತು. ಬಟ್ಟೆ ಒಣಹಾಕುತ್ತಿದ್ದ ಟೈಲರಕ್ಕ, ನಾನು, ಎದುರು ಮನೆಯವರು, ಎಲ್ಲರೂ ಕತ್ತೆತ್ತಿ ನಿಂತೆವು. ಒಂದೇ ಜೋಡಿ. ಸಾಕಾಯಿತು ನಮಗೆ.

ಹನ್ನೊಂದನೆಯ ಬಿಲ್ಲೆ ನಾನಿಟ್ಟದ್ದು. ಅಧಿಕಾರಿಗಳು ಹೋದ ವಾರ ಅತ್ತೆ, "ಇದು ನೀನು ಇಡು," ಎಂದು ಸಿಮೆಂಟು ಕಲಸಿಕೊಟ್ಟರು. ಆಮೇಲೆ ನಾನೂ ಅವರ ಜೊತೆ ಕೆಲಸಕ್ಕೆ ಹೋಗತೊಡಗಿದೆ. ಈಗ ಅವರ ಕೈ ನಡುಗುತ್ತದೆ, ಕರಣೆ ನನ್ನದಾಗಿದೆ. ಅವರು ಕುರ್ಚಿಯಲ್ಲಿ ಕೂತು ಬೈಯುವ ಕೆಲಸ ಮಾಡುತ್ತಾರೆ.

ಮೊನ್ನೆ ಯಾರದೋ ಮನೆಯ ಹೊಸ ಗೋಡೆಗೆ ಒದ್ದೆ ಬಟ್ಟೆ ಹೊದಿಸುತ್ತಾ ಕೇಳಿದೆ. "ಅತ್ತೆ, ಅವತ್ತು ಚಾದರ ಹಾಕಿದ್ದು ನಾನು ತೆಗೀತೀನಿ ಅಂತ ಗೊತ್ತಿದ್ದೇ ಅಲ್ವಾ?"

"ನನಗೇನು ಗೊತ್ತು? ಒದ್ದೆ ಎರಡಕ್ಕೂ ಬರುತ್ತೆ. ಇಟ್ಕೋಬೇಕು ಅಂದ್ರೆ ಬಿರಿಯದೆ ನಿಲ್ಲುತ್ತೆ, ಬೇಡ ಅಂದ್ರೆ ಸುಲಭವಾಗಿ ಬರುತ್ತೆ."

"ನಾನು ತೆಗೀದೇ ಇದ್ದಿದ್ರೆ?"

ಅವರು ಗೋಡೆಯ ಕಡೆ ನೋಡಿದರು. "ಇರ್ತಿತ್ತು. ಏನು ಮಾಡೋಕಾಗುತ್ತೆ? ಗೋಡೆ ನಿಂದು." ಆಮೇಲೆ, "ಆ ಮೂಲೆ ಬಟ್ಟೆ ಜಾರಿದೆ, ಎಳೆದು ಕಟ್ಟು," ಅಂದರು.

ಎಳೆದು ಕಟ್ಟಿದೆ. ಕಣ್ಣು ಮಂಜಾಗಿದ್ದರಿಂದ ಗಂಟು ಎರಡು ಸಲ ತಪ್ಪಿತು.

ಈಗಲೂ ಒಂದು ಗಂಟೆಗೆ ಸೈರನ್ ಕೂಗುತ್ತದೆ. ಮನೆಯಲ್ಲಿದ್ದರೆ ನನ್ನ ಕೈ ತಾನಾಗಿ ಕನ್ನಡಿಗೆ ಹೋಗುತ್ತದೆ. ಗೋಡೆ ಅಲುಗುವುದಿಲ್ಲ. ಹೇಗೂ ಕೈ ಹೋಗಿದೆಯಲ್ಲ ಎಂದು ಸೆರಗಿನ ತುದಿಯಿಂದ ಕನ್ನಡಿಯನ್ನು ಒರೆಸುತ್ತೇನೆ. ಒರೆಸುವಷ್ಟು ಧೂಳು ಎಷ್ಟೋ ದಿನ ಇರುವುದೇ ಇಲ್ಲ.